ಕೆಟ್ಟು ನಿಂತದ್ದೇ ನೆನಪು

ತೊಗರಿ ಸುಗ್ಗಿ ಮುಗಿದ ಮೇಲೆ ಕಲಬುರಗಿಯ ಕಪನೂರ ಕಡೆ ಹೋದರೆ ದಾಲ್ ಮಿಲ್‌ಗಳ ಸದ್ದಿಗೆ ಬಿಡುವಿರುವುದಿಲ್ಲ. ಎಮರಿ ರೋಲರು ಕಾಳಿನ ಸಿಪ್ಪೆ ಕೆರೆಯುವ ಗರಗರ, ಎಲಿವೇಟರಿನ ಡಬ್ಬಿಗಳು ಮೇಲೆ ಹೋಗಿ ಕಾಳು ಸುರಿಯುವ ಸುರ್ರು, ಜರಡಿಯ ಜಗ್ಗಾಟ. ಇವೆಲ್ಲದರ ಮೇಲೆ, ಯಂತ್ರ ತಿರುಗಿಸುವ ಪಟ್ಟಾದ (ಬೆಲ್ಟಿನ) ಜೋಡಣೆ ಪುಲ್ಲಿ ದಾಟುವಾಗೊಮ್ಮೆ ಒಂದು ಟಕ್. ಆರು ಮೀಟರ್ ಸುತ್ತಳತೆಯ ಪಟ್ಟಾ ಸೆಕೆಂಡಿಗೆ 12 ಮೀಟರಿನಂತೆ ಓಡಿದರೆ ಆ ಟಕ್ ನಿಮಿಷಕ್ಕೆ 120 ಸಲ ಬರುತ್ತದೆ. ಕುಣಿಯಲು ಹೇಳಿ ಮಾಡಿಸಿದ ನಡೆ. ಪಕ್ಕದಲ್ಲೇ ಮನೆ ಕಟ್ಟಿಕೊಂಡವರಿಗೆ ಮಾತ್ರ ಇದ್ಯಾವುದೂ ಕೇಳಿಸುವುದಿಲ್ಲ. ಕರೆಂಟ್ ಹೋಗಿ ಮಿಲ್ ಬಂದ್ ಬಿತ್ತೆನ್ನಿ, ಗಾಢ ನಿದ್ದೆಯಲ್ಲಿದ್ದವರೂ ಎದ್ದು ಕೂತು "ಯಾಕ, ಏನಾತು?" ಅನ್ನುತ್ತಾರೆ.

ಇಂಡಸ್ಟ್ರಿಯಲ್ ರಾಕ್ ಬ್ಯಾಂಡನ್ನು ಕಣ್ಣಾರೆ ಕಂಡು ಬಂದವರ ನೆನಪು ಕೆದಕಿದರೆ ಸಿಗುವುದೂ ಇದೇ: ನೆಟ್ಟಗೆ ನಡೆದದ್ದಲ್ಲ, ಕೆಟ್ಟು ನಿಂತದ್ದು. ಈ ಸಂಗೀತ ಕಾರ್ಖಾನೆಯ ಸದ್ದಿಗೆ ಕಿವಿಗೊಟ್ಟು ಹುಟ್ಟಿದ್ದು. ಇಂಗ್ಲೆಂಡಿನ ಥ್ರಾಬಿಂಗ್ ಗ್ರಿಸಲ್ ತಂಡ 1976ರಲ್ಲಿ ತನ್ನ ಮುದ್ರಿಕೆಗಳ ಸಂಸ್ಥೆಗೆ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಅಂತಲೇ ಹೆಸರಿಟ್ಟಿತು. 1980ರಲ್ಲಿ ಬರ್ಲಿನ್ನಿನ ಐನ್‌ಸ್ಟ್ಯುರ್ಟ್ಸೆಂಡೆ ನಾಯ್‌ಬೌಟನ್ ಗುಜರಿ ಕಬ್ಬಿಣ, ತಗಡು, ಡ್ರಿಲ್ಲುಗಳನ್ನೇ ವಾದ್ಯ ಮಾಡಿಕೊಂಡಿತು. ಅದಕ್ಕೆ ಗಿಟಾರು, ಡ್ರಮ್ಮು, ಎಲ್ಲರೂ ಕೂಗಬಲ್ಲ ಪಲ್ಲವಿ ಸೇರಿಸಿ ಮೈದಾನ ತುಂಬಿಸಿದವರು ಆಮೇಲಿನವರು: ಶಿಕಾಗೋದ ಮಿನಿಸ್ಟ್ರಿ, 1988ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಟ್ರೆಂಟ್ ರೆಜ್ನರ್ ಕಟ್ಟಿದ ನೈನ್ ಇಂಚ್ ನೇಲ್ಸ್, 1994ರಲ್ಲಿ ಬರ್ಲಿನ್ನಿನಲ್ಲಿ ಕೂಡಿ ಇವತ್ತಿಗೂ ಅದೇ ಆರು ಜನ ಉಳಿದಿರುವ ರಾಮ್‌ಸ್ಟೈನ್.

ಇವರಾರೂ ಕಲಬುರಗಿಗೆ ಬಂದವರಲ್ಲ. ಆದರೂ ಇಲ್ಲಿನ ಇಂಜಿನಿಯರಿಂಗ್ ಹಾಸ್ಟೆಲ್ಲುಗಳಲ್ಲಿ, ಶಹಾಬಾದ, ವಾಡಿ, ಸೇಡಂ ಕಡೆಯ ಕಾರ್ಖಾನೆ ಕಾಲನಿಗಳಲ್ಲಿ ಇಂಥ ಹುಚ್ಚಿನವರು ಒಬ್ಬಿಬ್ಬರು ಸಿಗುತ್ತಾರೆ. ಅವರ ಪೈಕಿ ನೌಕರಿಗೆಂದು ಜರ್ಮನಿಗೋ ಅಮೆರಿಕಕ್ಕೋ ಹೋದವನು ಒಂದು ಷೋ ನೋಡಿ, ಮದುವೆಗೋ ಜಾತ್ರೆಗೋ ಊರಿಗೆ ಬಂದಾಗ ಸುತ್ತ ಗುಂಪು ಕೂಡುತ್ತದೆ. "ಅಣ್ಣಾ, ಹ್ಯಾಂಗಿತ್ತು?" ಎಂದರೆ ಯಾವ ಹಾಡು ಚೆನ್ನಾಗಿತ್ತು ಎಂದು ಅವನು ಹೇಳುವುದೇ ಇಲ್ಲ. "ಏ ಏನ್ ಕೇಳ್ತಿ ತಮ್ಮಾ, ಬೆಂಕಿ ಬಿಟ್ಟಾಗ ಮಾರಿ ಸುಟ್ಟಂಗಾತು!" ಅನ್ನುತ್ತಾನೆ. ನಾಲ್ಕನೆಯ ಹಾಡಿಗೆ ಕೀಬೋರ್ಡ್ ಕೈಕೊಟ್ಟಿತು, ಮಳೆ ಬಂದು ಷೋ ಅರ್ಧ ತಾಸು ನಿಂತಿತು, ಗಾಯಕ ಸಾಲು ಮರೆತು ನಕ್ಕುಬಿಟ್ಟ. ಎರಡು ತಾಸಿನ ಷೋದಲ್ಲಿ ನೆಟ್ಟಗೆ ನಡೆದ ಒಂದೂವರೆ ತಾಸು ಎಲ್ಲಿ ಹೋಯಿತೋ ದೇವರಿಗೇ ಗೊತ್ತು.

ಇದಕ್ಕೆ ಕಾರಣ ಆ ಸಂಗೀತ ನಡೆಯುವ ರೀತಿಯಲ್ಲೇ ಇದೆ. ಸಾಮಾನ್ಯ ರಾಕ್ ಬ್ಯಾಂಡಿನಲ್ಲಿ ಡ್ರಮ್ಮಿನವನೇ ಯಜಮಾನ. ಅವನು ಓಡಿದರೆ ಉಳಿದವರೂ ಓಡಬೇಕು. ಇಂಡಸ್ಟ್ರಿಯಲ್‌ನಲ್ಲಿ ಯಜಮಾನಿಕೆ ಕಂಪ್ಯೂಟರಿನದು. ಸುತ್ತಿಗೆ ಬಡಿತ, ಮೋಟರಿನ ಗೊರಕೆ, ಒಡೆದ ದನಿ, ಇವೆಲ್ಲ ಮೊದಲೇ ಮುದ್ರಿಸಿ ಹದ ಮಾಡಿಟ್ಟ ಟ್ರ್ಯಾಕುಗಳು. ಅವುಗಳ ಜೊತೆಗೇ ಡ್ರಮ್ಮಿನವನ ಕಿವಿಗೆ ಮಾತ್ರ ಟಿಕ್ ಟಿಕ್ ಎನ್ನುವ ಕ್ಲಿಕ್ ಹೋಗುತ್ತದೆ. ಇನ್ನೊಂದು ಟ್ರ್ಯಾಕಿನಿಂದ, ಹಾಡು ಯಾವ ಕ್ಷಣಕ್ಕೆ ಬಂದಿದೆ ಎಂದು ಯಂತ್ರಗಳಿಗೆ ತಿಳಿಸುವ ಟೈಮ್‌ಕೋಡ್ ಹೊರಟು ದೀಪದವರ ಕನ್ಸೋಲಿಗೂ ವಿಡಿಯೋ ಪರದೆಗೂ ತಲುಪುತ್ತದೆ. ಹೊಡೆತ ಬಿದ್ದ ಕ್ಷಣಕ್ಕೇ ಬೆಳಕು ಚಿಮ್ಮುವುದು ದೀಪದವನ ಕೈಚಳಕ ಅಂದುಕೊಂಡವರಿದ್ದಾರೆ. ಟೈಮ್‌ಕೋಡ್‌ಗೆ ಕಟ್ಟಿದ ಹಾಡುಗಳಲ್ಲಿ ಅವನು ಕೈಕಟ್ಟಿ ನಿಂತಿರುತ್ತಾನೆ. ಪ್ರವಾಸದ ಮೂವತ್ತನೆಯ ರಾತ್ರಿಯೂ ಮೊದಲ ರಾತ್ರಿಯ ಪಡಿಯಚ್ಚು. ಹಾಗೆ ಅಚ್ಚಾಗಿ ಬಂದದ್ದರಲ್ಲಿ ಮನಸ್ಸು ಹಿಡಿದುಕೊಳ್ಳಲು ಕೊಕ್ಕೆ ಇರುವುದಿಲ್ಲ. ತಪ್ಪಿದ ಕಡೆ ಇರುತ್ತದೆ.

ತಪ್ಪುವುದು ಹೇಗೆ ಎಂಬುದೇ ಒಂದು ಶಾಸ್ತ್ರ. ದೊಡ್ಡ ಬ್ಯಾಂಡುಗಳು ಒಂದೇ ಷೋವನ್ನು ಎರಡು ಕಂಪ್ಯೂಟರುಗಳಲ್ಲಿ ಒಟ್ಟಿಗೆ ಓಡಿಸುತ್ತವೆ. ಮೊದಲನೆಯದು ಒಂದು ಸಣ್ಣ ಕಾವಲು ಸ್ವರವನ್ನು ಸದಾ ಬಿಡುತ್ತಿರುತ್ತದೆ; ಜನಕ್ಕೆ ಅದು ಕೇಳಿಸದು. ಆ ಸ್ವರ ನಿಂತ ತಕ್ಷಣ ನಡುವಿನ ಸ್ವಿಚ್ ಎರಡನೆಯದಕ್ಕೆ ಜಿಗಿಯುತ್ತದೆ. ಸಣ್ಣ ಬ್ಯಾಂಡುಗಳ ಹತ್ತಿರ ಒಂದೇ ಲ್ಯಾಪ್‌ಟಾಪು. ಅದು ನಿದ್ದೆ ಹೋದರೆ, ನಡುವೆ ಅಪ್‌ಡೇಟ್ ಶುರುಮಾಡಿದರೆ, ಯುಎಸ್‌ಬಿ ವಾಯರು ಒಂದು ಕೂದಲೆಳೆ ಸಡಿಲಾದರೆ ಮುಗಿಯಿತು. ಬಫರ್ ಎಂಬುದೂ ಇದೆ: ಸದ್ದನ್ನು ಹೊರಬಿಡುವ ಮುಂಚೆ ಕಂಪ್ಯೂಟರು ಕೂಡಿಟ್ಟುಕೊಳ್ಳುವ ಸಣ್ಣ ತುಣುಕು, ಸ್ಯಾಂಪಲ್ ಎಂಬ ಚೂರುಗಳಲ್ಲಿ ಅಳೆಯುವುದು. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಚೂರಿನ ಲೆಕ್ಕದಲ್ಲಿ, 256 ಸ್ಯಾಂಪಲ್ ಇಟ್ಟರೆ 5 ಮಿಲಿಸೆಕೆಂಡಿನಷ್ಟು ತಡ; ಯಾರಿಗೂ ಗೊತ್ತಾಗುವುದಿಲ್ಲ. ಹೆದರಿ 1024ಕ್ಕೆ ಏರಿಸಿದರೆ 21 ಮಿಲಿಸೆಕೆಂಡು. ಎಲೆಕ್ಟ್ರಾನಿಕ್ ಡ್ರಮ್ಮಿನ ಪ್ಯಾಡಿಗೆ ಕೋಲು ಬಿದ್ದು ಹೊತ್ತಾದ ಮೇಲೆ ಸದ್ದು ಬರುವುದು ಡ್ರಮ್ಮಿನವನಿಗೆ ಎಡವಿದಂತಾಗುತ್ತದೆ. ತೀರಾ ಇಳಿಸಿದರೆ ಚಟಪಟ ಸಿಡಿತ. ಎಲ್ಲಕ್ಕಿಂತ ಕೆಟ್ಟದ್ದು ಡ್ರಮ್ಮಿನವನ ಕಿವಿಗೆ ಕ್ಲಿಕ್ ತಲುಪಿಸುವ ಪ್ಯಾಕಿನ ಬ್ಯಾಟರಿ ಹೋಗುವುದು. ಟ್ರ್ಯಾಕು ತನ್ನ ಪಾಡಿಗೆ ಓಡುತ್ತಿರುತ್ತದೆ, ಇವನು ತನ್ನ ಪಾಡಿಗೆ. ಎಂಟು ಆವರ್ತ ಕಳೆಯುವುದರೊಳಗೆ ಎರಡೂ ಬೇರೆ ಬೇರೆ ಊರಿನಲ್ಲಿರುತ್ತವೆ.

ಈ ಸಂಗೀತದ ಚರಿತ್ರೆಯಲ್ಲಿ ಅಭಿಮಾನಿಗಳು ಮತ್ತೆ ಮತ್ತೆ ಹೇಳುವ ರಾತ್ರಿಗಳನ್ನು ನೋಡಿ. 1991ರ ಜುಲೈ, ಅರಿಜೋನಾದ ಫೀನಿಕ್ಸ್ ಬಳಿ ಲೊಲ್ಲಾಪಲೂಜಾ ಎಂಬ ಹಲವು ಬ್ಯಾಂಡುಗಳ ಪ್ರವಾಸದ ಮೊದಲ ದಿನ: ಮರುಭೂಮಿಯ ಬಿಸಿಲಿನಲ್ಲಿ ನೈನ್ ಇಂಚ್ ನೇಲ್ಸ್‌ನ ಸಾಮಾನು ಕೈಕೊಟ್ಟು, ಬ್ಯಾಂಡು ಕೈಗೆ ಸಿಕ್ಕದ್ದನ್ನು ಒಡೆದು ಅರ್ಧಕ್ಕೇ ಇಳಿದು ಹೋಯಿತು. ಮೇ ತಿಂಗಳಲ್ಲಿ ಕಲಬುರಗಿಯ ಪೆಂಡಾಲಿನಡಿ ಆಂಪ್ಲಿಫೈಯರ್ ಇಟ್ಟು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1994ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಅದೇ ನೈನ್ ಇಂಚ್ ನೇಲ್ಸ್: ಮಳೆಗೆ ಮೈದಾನವೆಲ್ಲ ರಾಡಿ, ವೇದಿಕೆ ಹತ್ತುವ ಮುಂಚೆಯೇ ಬ್ಯಾಂಡಿನವರೆಲ್ಲ ಕೆಸರಿನಲ್ಲಿ ಮಿಂದಿದ್ದರು. ಅವತ್ತು ಏನೇನು ನುಡಿಸಿದರು ಎಂಬುದಕ್ಕಿಂತ ಆ ಕೆಸರು ಮೆತ್ತಿದ ಮುಖಗಳೇ ಇವತ್ತಿಗೂ ಓಡಾಡುತ್ತಿವೆ. 1996ರಲ್ಲಿ ಬರ್ಲಿನ್ನಿನ ಷೋವೊಂದರಲ್ಲಿ ರಾಮ್‌ಸ್ಟೈನ್‌ನ ವೇದಿಕೆಯ ಉರಿಯುವ ಭಾಗಗಳು ಕಳಚಿಬಿದ್ದವು. ಆಮೇಲೆಯೇ ಬೆಂಕಿಯಾಟವನ್ನು ತರಬೇತಾದವರ ಕೈಗೆ ಕೊಟ್ಟು, ಗಾಯಕ ಟಿಲ್ ಲಿಂಡೆಮನ್ ಖುದ್ದಾಗಿ ಅದರ ಪರವಾನಗಿ ಪಡೆದದ್ದು.

ಎಲ್ಲಕ್ಕೂ ತಲೆಯ ಮೇಲೆ ನಿಲ್ಲುವುದು 1984ರ ಜನವರಿಯ ಲಂಡನ್. ಅಲ್ಲಿನ ಐಸಿಎ ಎಂಬ ಕಲಾಸಂಸ್ಥೆಯಲ್ಲಿ ನಾಯ್‌ಬೌಟನ್ ಬಳಗದವರು ಡ್ರಿಲ್ಲು, ಸಿಮೆಂಟ್ ಮಿಕ್ಸರುಗಳನ್ನು ಓಡಿಸುತ್ತ ವೇದಿಕೆಯನ್ನೇ ಕೊರೆಯತೊಡಗಿದರು. ಸಂಸ್ಥೆಯವರು ನಿಲ್ಲಿಸಲು ಬಂದರು, ನೋಡುಗರು ಬಿಡಲಿಲ್ಲ, ಜಗ್ಗಾಟವಾಯಿತು. 2007ರಲ್ಲಿ ಕಲಾವಿದೆಯೊಬ್ಬರು ಅದೇ ಜಾಗದಲ್ಲಿ ಆ ಗಲಾಟೆಯನ್ನು ಮತ್ತೆ ಆಡಿಸಿದರು. ತಾಳ ತಪ್ಪದೆ ಮುಗಿದ ಎಷ್ಟೋ ಷೋಗಳಿಗೆ ಈ ಭಾಗ್ಯ ಬಂದಿಲ್ಲ. (ಸಿಮೆಂಟ್ ಕಾರ್ಖಾನೆಗಳ ಊರುಗಳಾದ ಸೇಡಂ, ವಾಡಿ ಕಡೆಯವರು ಸಿಮೆಂಟ್ ಮಿಕ್ಸರ್ ನೋಡಲು ಟಿಕೆಟ್ ಕೊಳ್ಳುತ್ತಾರೆಂದು ಯಾರೂ ನಂಬಿಕೊಳ್ಳಬಾರದು.)

ನಮ್ಮ ಕಡೆಯವರಿಗೆ ಹತ್ತಿರದಲ್ಲಿ ದಕ್ಕಿದ್ದು ಈ ಪಂಗಡದ್ದಲ್ಲ, ಅದರ ದೊಡ್ಡಪ್ಪನ ಮಕ್ಕಳಾದ ಹೆವಿ ಮೆಟಲ್ ಬ್ಯಾಂಡುಗಳದು. ಬೆಂಗಳೂರಿನ ಅರಮನೆ ಮೈದಾನಕ್ಕೆ 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಬಂದವು. ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ಮೆಟಾಲಿಕಾದ ವಿಷಯದಲ್ಲೂ ಇದೇ ತಮಾಷೆ ನಡೆಯಿತು. ಬೆಂಗಳೂರಿಗೆ ಎರಡು ದಿನ ಮುಂಚೆ ಗುರುಗ್ರಾಮದಲ್ಲಿ ಆಗಬೇಕಿದ್ದ ಷೋ ಬ್ಯಾರಿಕೇಡಿನ ತೊಂದರೆಯಿಂದ ನಿಂತುಹೋಗಿ, ಜನ ರೊಚ್ಚಿಗೆದ್ದು ವೇದಿಕೆ ಏರಿ ಸಾಮಾನು ಕಿತ್ತರು. ನಡೆಯದ ಆ ಷೋದ ಬಗ್ಗೆ ನಡೆದದ್ದಕ್ಕಿಂತ ಹೆಚ್ಚು ಕಥೆಗಳಿವೆ.

ಹಾಡುಗಳು ನೆನಪಿನಲ್ಲಿ ನಿಲ್ಲದಿರುವುದರಲ್ಲಿ ಕಿವಿಯ ಪಾಲೂ ಇದೆ. 85 ಡೆಸಿಬೆಲ್ ಸದ್ದನ್ನು ಎಂಟು ತಾಸು ಕೇಳಬಹುದು ಎಂಬುದು ಕಾರ್ಖಾನೆ ಕೆಲಸಗಾರರಿಗೆ ಹಾಕಿದ ಲೆಕ್ಕ. ಮೂರು ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕರ್ಧ ಇಳಿಯುತ್ತದೆ. 100 ಡೆಸಿಬೆಲ್‌ಗೆ ಹದಿನೈದೇ ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ನಡೆಯುವ ಜಾಗಗಳಿಗೆ ಹಾಕಿದ ಗೆರೆಯೂ ಹದಿನೈದು ನಿಮಿಷದ ಸರಾಸರಿ 100 ಡೆಸಿಬೆಲ್. ಅದನ್ನು ದಾಟಿದ ಷೋದಲ್ಲಿ ಮೂರ್ನಾಲ್ಕು ಹಾಡು ಕಳೆಯುತ್ತಲೇ ಕಿವಿ ಮಂದವಾಗಿ, ಮೇಲಿನ ಸ್ವರಗಳು ಅಳಿಸಿ, ಎದೆಗೆ ಬಡಿಯುವ ಕೆಳಗಿನ ಸದ್ದಷ್ಟೇ ಉಳಿಯುತ್ತದೆ. ಮರುದಿನದ ಗುಂಯ್ ಅನ್ನುವ ಮೊರೆತವನ್ನು ಪದಕವೆಂಬಂತೆ ಹೇಳಿಕೊಳ್ಳುವವರಿದ್ದಾರೆ. ಅದು ಪದಕವಲ್ಲ, ಕಿವಿಯೊಳಗಿನ ರೋಮಕೋಶಗಳು ಪೆಟ್ಟು ತಿಂದ ಗುರುತು. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ.

ಅದಕ್ಕೇ ಫೋಮಿನ ಇಯರ್‌ಪ್ಲಗ್. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ, ಹಾಕಿಕೊಳ್ಳುವುದು ಮಾತ್ರ ಹತ್ತರಲ್ಲಿ ಒಂಬತ್ತು ಜನಕ್ಕೆ ಬರುವುದಿಲ್ಲ. ಬಿಗಿಯಾಗಿ ಬತ್ತಿ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ, ಫೋಮ್ ಅರಳುವ ತನಕ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಅರ್ಧಕ್ಕರ್ಧ ಹೊರಗೇ ಉಳಿದಿದ್ದರೆ ಹಾಕಿದ್ದು ದಂಡ. ಫೋಮು ಮೇಲಿನ ಸ್ವರಗಳನ್ನು ಹೆಚ್ಚು ನುಂಗುತ್ತದೆ, ಹಾಡು ಕಂಬಳಿಯೊಳಗಿಂದ ಕೇಳಿದಂತಿರುತ್ತದೆ ಎಂಬ ದೂರು ಖರೇ. ಸಂಗೀತಕ್ಕೆಂದೇ ಮಾಡಿದ, ಎಲ್ಲ ಸ್ವರವನ್ನೂ ಹತ್ತಿರಹತ್ತಿರ ಒಂದೇ ಪ್ರಮಾಣದಲ್ಲಿ ಇಳಿಸುವ ಪ್ಲಗ್ಗುಗಳೂ ಇವೆ. ವರ್ಷಕ್ಕೆ ಎರಡು ಷೋ ನೋಡುವವನು ಅದಕ್ಕೆ ದುಡ್ಡು ಹಾಕುವುದು ಲುಕ್ಸಾನಲ್ಲ.

ಎಲ್ಲಿ ನಿಂತೆ ಎಂಬುದರ ಮೇಲೂ ನೆನಪು ನಿಂತಿದೆ. ಒಂದೇ ಷೋಕ್ಕೆ ಹೋದ ಇಬ್ಬರು ಜಗಳಾಡುವುದು ಇದರಿಂದಲೇ. ಒಬ್ಬ "ಬಾಸ್ ಎದಿ ಒಡದಂಗಿತ್ತು" ಅಂದರೆ ಇನ್ನೊಬ್ಬ "ಬಾಸೇ ಇರ್ಲಿಲ್ಲೋ ಮಾರಾಯ" ಅನ್ನುತ್ತಾನೆ. ಬಾಸ್ ಅಂದರೆ ಎದೆಗೆ ಬಡಿಯುವ ಆ ಕೆಳಗಿನ ಸದ್ದು. ಇಬ್ಬರದೂ ಖರೇ. ವೇದಿಕೆಯ ಎಡ ಬಲಕ್ಕೆ ಆ ಸದ್ದಿನ ಪೆಟ್ಟಿಗೆಗಳಾದ ಸಬ್‌ವೂಫರ್ ಪೇರಿಸಿದಾಗ ನಟ್ಟನಡುವಿನ ಪಟ್ಟಿಯಲ್ಲಿ ಎರಡೂ ಕೂಡಿ ಅಬ್ಬರಿಸುತ್ತವೆ. ಬದಿಗೆ ಸರಿದರೆ ಕೆಲವು ಕಡೆ ಒಂದನ್ನೊಂದು ತಿಂದುಬಿಡುತ್ತವೆ. 50 ಹರ್ಟ್ಸ್ ಸದ್ದಿನ ಅಲೆಯ ಉದ್ದ ಏಳು ಮೀಟರು. ಎಡಗಡೆಯ ಪೆಟ್ಟಿಗೆಗೂ ಬಲಗಡೆಯದಕ್ಕೂ ನಿಮ್ಮಿಂದ ಇರುವ ದೂರದಲ್ಲಿ ಮೂರೂವರೆ ಮೀಟರ್ ಫರಕು ಬಂತೆಂದರೆ ಆ ಸದ್ದು ನಿಮ್ಮ ಪಾಲಿಗೆ ಅಲ್ಲಿ ಬಹುಪಾಲು ಇಲ್ಲ. ಎರಡು ಹೆಜ್ಜೆ ಸರಿದು ನೋಡಬೇಕು. ಕಣ್ಣುಮುಚ್ಚಿ ಒಂದು ಜಾಗ ಹೇಳು ಎಂದರೆ ಸದ್ದಿನ ಕನ್ಸೋಲಿನ ಮುಂದೆ ನಿಲ್ಲಿ. ಮಿಕ್ಸ್ ಮಾಡುವವನು ತನ್ನ ಕಿವಿಗೆ ಹದವಾಗುವಂತೆ ತಾನೇ ಮಾಡುವುದು?

ಹಿಂದೆ ದೂರ ನಿಂತವರಿಗೆ ಇನ್ನೊಂದು ಮೋಸ. ಬೇಸಗೆಯ ರಾತ್ರಿ ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. 70 ಮೀಟರ್ ಹಿಂದಿದ್ದರೆ ಸೆಕೆಂಡಿನ ಐದನೇ ಒಂದು ಭಾಗ ತಡ. ನಿಮಿಷಕ್ಕೆ 120ರ ನಡೆಯಲ್ಲಿ ಹೊಡೆತದಿಂದ ಹೊಡೆತಕ್ಕೆ ಅರ್ಧ ಸೆಕೆಂಡು ಮಾತ್ರ, ಹಾಗಾಗಿ ಪರದೆಯ ಮೇಲೆ ಕೋಲು ಬಿದ್ದು ಮೇಲೆದ್ದ ಮೇಲೆ ಕಿವಿಗೆ ಏಟು. ಮೈದಾನದ ನಡುವೆ ನಿಲ್ಲಿಸುವ ಸ್ಪೀಕರ್ ಗೋಪುರಗಳಿಗೆ ಬೇಕೆಂದೇ ತಡ ಮಾಡಿ ಸದ್ದು ಕಳಿಸುತ್ತಾರೆ. ಇಲ್ಲವಾದರೆ ವೇದಿಕೆಯ ಸದ್ದು ಗೋಪುರದ್ದಕ್ಕಿಂತ ತಡವಾಗಿ ಬಂದು ಮಾತೆಲ್ಲ ಎರಡೆರಡಾಗುತ್ತದೆ. ರಾಮ್‌ಸ್ಟೈನ್ ನೋಡಿದವರು ಬೆಂಕಿಯನ್ನೇ ಹೇಳುವುದಕ್ಕೂ ಇಲ್ಲಿ ಸಮರ್ಥನೆಯಿದೆ: ಜ್ವಾಲೆಯ ಕಾವು ಬೆಳಕಿನ ವೇಗದಲ್ಲಿ ಬರುತ್ತದೆ. ಮುಖಕ್ಕೆ ಬಿಸಿ ಮೊದಲು, ಕಿವಿಗೆ ಸದ್ದು ಆಮೇಲೆ.

ನೆನಪು ನಂಬಲಾಗದು ಎಂದು ಫೋನ್ ಎತ್ತಿ ಹಿಡಿದರೆ ಅದು ಇನ್ನೂ ದೊಡ್ಡ ಸುಳ್ಳುಗಾರ. ಫೋನಿನ ಮೈಕಿನ ಹದ ಮಾತಿಗೆ ಇಟ್ಟದ್ದು. ಸದ್ದು ಹೆಚ್ಚಿದಾಗ ಅದು ತಾನಾಗಿ ಕಿವಿ ಮುಚ್ಚಿಕೊಂಡು, ಇಳಿದಾಗ ತೆರೆಯುತ್ತದೆ. ಆದ್ದರಿಂದ ಒಂದೊಂದು ಡ್ರಮ್ಮಿನ ಏಟಿಗೂ ಹಾಡುಗಾರನ ದನಿ ಮುಳುಗಿ ಏಳುತ್ತದೆ. ದೃಶ್ಯವೂ ಅಷ್ಟೇ: ಕ್ಯಾಮೆರಾ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರಿಂದ ಫಕ್ಕನೆ ಮಿಂಚಿ ಆರುವ ಸ್ಟ್ರೋಬ್ ದೀಪದ ಮಿಂಚು ಅರ್ಧ ಚೌಕಟ್ಟಿಗೆ ಮಾತ್ರ ಬಿದ್ದು ಬಿಳಿ ಪಟ್ಟಿಯಾಗುತ್ತದೆ. ಷಟರನ್ನು ಐವತ್ತನೇ ಒಂದು ಸೆಕೆಂಡಿಗೆ ಇಟ್ಟರೆ ಸ್ವಲ್ಪ ವಾಸಿ. ಅನುಮತಿ ಇದ್ದ ಕಡೆ ಬೇರೆ ರೆಕಾರ್ಡರ್ ಒಯ್ಯುವವರು ತಾನಾಗಿ ಏರಿಳಿಸುವ ಸೌಕರ್ಯವನ್ನು ಆಫ್ ಮಾಡಿ, ಅತಿ ಜೋರಿನ ಹೊಡೆತವೂ ಸದ್ದು ಒಡೆಯುವ ಸೊನ್ನೆಯ ಗೆರೆಗಿಂತ ಕೆಳಗೆ, ಮೈನಸ್ 12 ಡೆಸಿಬೆಲ್‌ನ ಹತ್ತಿರ ನಿಲ್ಲುವಂತೆ ಮಟ್ಟ ಇಟ್ಟು, 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋದಲ್ಲಿ ಮುದ್ರಿಸುತ್ತಾರೆ. ನಿಮಿಷಕ್ಕೆ 17 ಎಂಬಿ, ಒಂದೂವರೆ ತಾಸಿಗೆ ಸುಮಾರು ಒಂದೂವರೆ ಜಿಬಿ. ಮೆತ್ತಗೆ ಬಂದದ್ದನ್ನು ಆಮೇಲೆ ಏರಿಸಬಹುದು. ಒಡೆದು ಬಂದದ್ದನ್ನು ಕೂಡಿಸಲಾಗದು.

ಈ ವಿಷಯದಲ್ಲಿ ನೈನ್ ಇಂಚ್ ನೇಲ್ಸ್‌ನವರ ಉದಾರತೆಯನ್ನು ಮೆಚ್ಚಬೇಕು. 2009ರ ಜನವರಿಯಲ್ಲಿ ಮೂರು ಷೋಗಳ ಕತ್ತರಿಸದ ಚಿತ್ರಣವನ್ನು, 400 ಜಿಬಿಗಿಂತಲೂ ಹೆಚ್ಚು, ಅಭಿಮಾನಿಗಳಿಗೆ ಬಿಟ್ಟುಕೊಟ್ಟರು. ಅಭಿಮಾನಿಗಳೇ ಕೂಡಿ ಅದನ್ನು ಜೋಡಿಸಿ ಪೂರ್ಣ ಚಿತ್ರ ಮಾಡಿದರು. 2007ರಲ್ಲಿ ಲಿಸ್ಬನ್ನಿನ ಷೋ ನಡೆದಾಗ ಶೌಚಾಲಯದಲ್ಲಿ ಒಂದು ಯುಎಸ್‌ಬಿ ಕಡ್ಡಿ ಬಿಟ್ಟಿದ್ದರು, ಅದರಲ್ಲಿ ಇನ್ನೂ ಹೊರಬರದ ಹಾಡು. ಸಿಕ್ಕವನ ಪಾಲಿಗೆ ಆ ರಾತ್ರಿಯ ನೆನಪು ವೇದಿಕೆಯದಲ್ಲ, ಶೌಚಾಲಯದ್ದು.

ಇಷ್ಟೆಲ್ಲ ಇಲ್ಲದವನು ಮಾಡಬಹುದಾದದ್ದು ಒಂದೇ: ಅದೇ ರಾತ್ರಿ, ರೈಲಿನಲ್ಲಿ ಕೂತಾಗಲೇ, ಹಾಡುಗಳ ಪಟ್ಟಿ ಬರೆದಿಡುವುದು. ವೇದಿಕೆಯ ನೆಲಕ್ಕೆ ಅಂಟಿಸಿದ ಪಟ್ಟಿಯ ಚೀಟಿ ಕೈಗೆ ಸಿಕ್ಕಿತೆಂದು ಬೀಗುವವರು ಅದರಲ್ಲಿದ್ದದ್ದನ್ನೆಲ್ಲ ನುಡಿಸಿದರೆಂದು ನಂಬಿಬಿಡುತ್ತಾರೆ. ಹೊತ್ತು ಮೀರಿದಾಗ ಕೊನೆಯದೆರಡನ್ನು ಕೈಬಿಡುವುದು ರೂಢಿ. ಇನ್ನು ಟೀ ಶರ್ಟು. ಕರಿ ಬಣ್ಣದ್ದು, ಎದೆಯ ಮೇಲೆ ಪ್ಲಾಸ್ಟಿಸಾಲ್ ಎಂಬ ಪ್ಲಾಸ್ಟಿಕ್ ಶಾಯಿಯ ದಪ್ಪ ಅಚ್ಚು. ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಒಗೆದು ನೆರಳಿಗೆ ಹಾಕಬೇಕು, ಅಚ್ಚಿನ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಬಾರದು. ಕಲಬುರಗಿಯ ಬಿಸಿಲಿಗೆ ನಾಲ್ಕು ಸಲ ಒಣಹಾಕಿದರೆ ಕರಿಯದು ಬೂದಿಯಾಗಿ, ಮನೆಯ ಅವ್ವನ ಕಣ್ಣಿಗೆ ನೆಲ ಒರೆಸಲು ಯೋಗ್ಯವಾಗಿ ಕಾಣತೊಡಗುತ್ತದೆ.

ಹೊರಗೆ ಹೋಗಲಾಗದ ಹುಡುಗರು ಕಾಲೇಜು ಹಬ್ಬಗಳಲ್ಲಿ ತಾವೇ ನುಡಿಸಲು ನಿಲ್ಲುತ್ತಾರೆ. ಅಲ್ಲಿ ಮೊದಲ ಶತ್ರು ಹಮ್ಮು, ಗರ್ವವಲ್ಲ, ಸ್ಪೀಕರಿನಿಂದ ಬರುವ ಗುಂಯ್ ಸದ್ದು. ಮಿಕ್ಸರು ಒಂದು ಪಾಯಿಂಟಿನಿಂದ, ಲ್ಯಾಪ್‌ಟಾಪು ಇನ್ನೊಂದರಿಂದ ಕರೆಂಟ್ ತಗೊಂಡರೆ ಎರಡೂ ಅರ್ತಿನ ನಡುವೆ ಸುತ್ತು ಬಿದ್ದು 50 ಹರ್ಟ್ಸಿನ ಗುಂಯ್‌ಗುಡುವಿಕೆ ಶುರು. ಸದ್ದಿನ ಸಾಮಾನನ್ನೆಲ್ಲ ಒಂದೇ ಪಾಯಿಂಟಿಗೆ ತರಬೇಕು, ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಎರಡರ ಅರ್ತ್ ಕೂಡದಂತೆ ಸದ್ದು ದಾಟಿಸುವ, ಟ್ರಾನ್ಸ್‌ಫಾರ್ಮರ್ ಇರುವ ಡಿಐ ಡಬ್ಬಿ ಹಾಕಬೇಕು. ಪ್ಲಗ್ಗಿನ ಅರ್ತ್ ಪಿನ್ನು ಕತ್ತರಿಸಿ ಹಮ್ಮು ಓಡಿಸುವ ಜಾಣರಿದ್ದಾರೆ. ಮೈಕಿಗೆ ತುಟಿ ತಾಗಿದಾಗ ಷಾಕ್ ಹೊಡೆಸಿಕೊಳ್ಳುವವನು ಹಾಡುಗಾರ. ಜನರೇಟರಿನ ಮೂರು ಫೇಸುಗಳಲ್ಲಿ ಸದ್ದಿಗೊಂದು, ದೀಪಕ್ಕೊಂದು ಬೇರೆ ಮಾಡಬೇಕು. ನ್ಯೂಟ್ರಲ್ ಸಡಿಲಾದರೆ 230 ವೋಲ್ಟ್ ಬರಬೇಕಾದ ಕಡೆ 400ರ ಹತ್ತಿರ ಬಂದು ಆಂಪ್ಲಿಫೈಯರ್ ಹೊಗೆಯಾಡುತ್ತದೆ, ಆ ಹೊಗೆಯನ್ನೂ ಷೋದ ಭಾಗವೆಂದು ಜನ ಚಪ್ಪಾಳೆ ತಟ್ಟುತ್ತಾರೆ. ಮಲ್ಟಿಮೀಟರ್ ಹಿಡಿದು ನೋಡದೆ ಏನನ್ನೂ ಚುಚ್ಚಬಾರದು. ಮೇಲಾಗಿ 2000ನೇ ಇಸವಿಯ ಶಬ್ದ ನಿಯಮದಂತೆ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್. ಭಾಷಣ, ಸನ್ಮಾನ, ವಂದನಾರ್ಪಣೆ ಮುಗಿಯುವ ಹೊತ್ತಿಗೆ ಒಂಬತ್ತೂವರೆ ಆಗಿರುತ್ತದೆ.

ಇಂಥ ಷೋದಲ್ಲಿ ಜನರೇಟರ್ ನಡುವೆ ನಿಂತಿತೆನ್ನಿ. ಟ್ರ್ಯಾಕು ಸತ್ತು, ಗಿಟಾರು ಸತ್ತು, ಡ್ರಮ್ಮಿನ ಹುಡುಗ ಮಾತ್ರ ಕತ್ತಲಲ್ಲಿ ಬಾರಿಸುತ್ತಲೇ ಇರುತ್ತಾನೆ, ಜನ ಚಪ್ಪಾಳೆಯಿಂದ ಅವನ ನಡೆ ಹಿಡಿಯುತ್ತಾರೆ. ವರ್ಷಗಟ್ಟಲೆ ಹೇಳಿಕೊಳ್ಳುವುದು ಇದನ್ನೇ. ಎಷ್ಟು ಹೊತ್ತು ನಿಂತಿತ್ತು ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಒಬ್ಬ ಎರಡು ನಿಮಿಷ ಅಂದರೆ ಇನ್ನೊಬ್ಬ ಹದಿನೈದು. ಜನರೇಟರಿನವರ ಪೆಟ್ಟಿಗೆಯಲ್ಲಿ ತಾಸಿನ ಮೀಟರ್ ಇರುತ್ತದಲ್ಲ ಎಂದು ಅವರನ್ನೇ ಕೇಳಲು ಹೋದರೆ, "ಅದು ಓಡಿದ್ದಷ್ಟೇ ಎಣಸ್ತದಪಾ, ನಿಂತಿದ್ದು ಅದಕ್ಕೇನು ಗೊತ್ತು?" ಎಂಬ ಉತ್ತರ. ಹಾಗಾದರೆ ಬಾಡಿಗೆಯನ್ನೂ ಓಡಿದ್ದಕ್ಕಷ್ಟೇ ಹಿಡೀರಿ ಕಾಕಾ ಅಂದರೆ, ಒಪ್ಪುವುದಿಲ್ಲ.